ಡ್ರಮ್ಮಿನ ಮುಂದೆ ದೀಪ

ಲಿಫ್ಟಿನಲ್ಲಿ ಸಗಣಿ ಬಕೆಟ್ ಹಿಡಿದು ನಿಂತು, ಮೂಗು ಮುಚ್ಚಿಕೊಂಡವರನ್ನೇ "ಊಟ ಆಯ್ತಾ?" ಎಂದು ಕೇಳುವ ಎದೆಗಾರಿಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಜಿನಮ್ಮನಿಗೆ ಮಾತ್ರ ಇದೆ. ಬ್ರೂಕ್‌ಫೀಲ್ಡಿನ ಈ ಕಟ್ಟಡ ಎದ್ದಿರುವುದು ಅವರ ರಾಗಿ ಹೊಲದಲ್ಲಿ. ಜಾಗ ಕೊಟ್ಟದ್ದಕ್ಕೆ ಪಾಲಿಗೆ ಮನೆಗಳು ಬಂದವು, ಅದರಲ್ಲೊಂದಕ್ಕೆ ನಾನು ಬಾಡಿಗೆಯವಳು. ಬಾಡಿಗೆ ದುಡ್ಡಿನಲ್ಲಿ ಅವರು ಕಾಲು ಚಾಚಿ ಕೂತು ಉಣ್ಣಬಹುದು. ಆದರೆ ಆ ಕೈ ಸುಮ್ಮನಿರಬೇಕಲ್ಲ! ಕುಂಡ, ಹಳೆಯ ಟಬ್ಬು, ಒಡೆದ ಸಿಂಕು, ಏನು ಸಿಕ್ಕರೂ ತಾರಸಿಗೆ ಹೊತ್ತು, ಮಣ್ಣು ತುಂಬಿ ಅವರೆ, ಬದನೆ, ದಂಟು ಬೆಳೆಯುತ್ತಾರೆ.

ಎಲ್ಲಕ್ಕೂ ಆಧಾರ ಮೂಲೆಯ ನೀಲಿ ಡ್ರಮ್ಮು. ಹಿಂದಿನ ಬೀದಿಯ ಕೊಟ್ಟಿಗೆಯಿಂದ ತಂದ ಸಗಣಿ, ಗಂಜಲ, ಜೊತೆಗೆ ಬೆಲ್ಲ, ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ನೀರು ಬೆರೆಸಿ, ಗೋಣಿಚೀಲ ಮುಚ್ಚಿ, ಬೆಳಿಗ್ಗೆ ಸಂಜೆ ಕೋಲಿನಿಂದ ಕಲಕುತ್ತಾರೆ. ಹುಳಿತ ಮೇಲೆ ಬಟ್ಟೆಯಲ್ಲಿ ಸೋಸಿ, ಇನ್ನಷ್ಟು ನೀರು ಸೇರಿಸಿ ಗಿಡದ ಬುಡಕ್ಕೆ ಹುಯ್ಯುತ್ತಾರೆ. ಡ್ರಮ್ಮಿನ ಕೆಳಗೇ ನನ್ನ ಅಡುಗೆಮನೆ. ವಾಸನೆಯೇ ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೂ ಈ ಜನ ಹಬ್ಬಕ್ಕೆ ಸುಡುವ ಪಟಾಕಿಯ ಹೊಗೆಗಿಂತ ಅದು ಎಷ್ಟೋ ಮೇಲು.

ಅಸೋಸಿಯೇಷನ್ನಿಗೆ ಹಾಗನ್ನಿಸಲಿಲ್ಲ. ಮೊದಲು ಲಿಫ್ಟಿನಲ್ಲಿ ಸಗಣಿ ತರಕೂಡದು ಎಂದರು. ಅಂಜಿನಮ್ಮ ಮೆಟ್ಟಿಲು ಹತ್ತಿದರು, ಕಾರ್ಯದರ್ಶಿ ಅಮರೇಶರ ಬಾಗಿಲ ಮುಂದೆಯೇ ಬಕೆಟ್ ಇಳಿಸಿ ಸುಧಾರಿಸಿಕೊಂಡರು. ಆಮೇಲೆ ಕಡೆಯ ಮಾತು ಬಂತು: ದೀಪಾವಳಿಯೊಳಗೆ ಡ್ರಮ್ಮು ತೆಗೆಯಬೇಕು, ಇಲ್ಲವಾದರೆ ನಾವೇ ಎತ್ತಿಸುತ್ತೇವೆ.

"ಬಿಟ್ಬಿಡಮ್ಮಾ, ಸೊಪ್ಪು ಆನ್‌ಲೈನಲ್ಲೇ ಬರುತ್ತೆ" ಎಂದ ಅವರ ಮಗ ಲೋಕೇಶ.

"ಹೊಲ ಕೊಟ್ಟೆ, ಹಸ ಕೊಟ್ಟೆ. ಉಳ್ದಿರೋ ಬೇಸಾಯ ಇದೊಂದೇ ಕಣೋ. ಇದ್ನೂ ಕೊಟ್ಬುಟ್ಟು ನಾನೇನು ಗೊಂಬೆ ಅಂಗೆ ಕುಂತಿರ್ಲಾ?" ಎಂದರು ಅಂಜಿನಮ್ಮ.

ಬಲಿಪಾಡ್ಯಮಿಯ ಸಂಜೆ ಅಮರೇಶರು ಇಬ್ಬರು ಹೌಸ್‌ಕೀಪಿಂಗ್‌ನವರನ್ನು ಕರೆದುಕೊಂಡು ತಾರಸಿಗೆ ಬಂದರು. ಅಂಜಿನಮ್ಮ ಡ್ರಮ್ಮಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ಹುಚ್ಚೆಳ್ಳು ಹೂ ಸಿಕ್ಕಿಸಿದ ಸಗಣಿ ಉಂಡೆ, ಒಂದು ಹಣತೆ. ಈ ಕಡೆಯ ಹಳ್ಳಿಗಳಲ್ಲಿ ದೀಪಾವಳಿಗೆ ತಿಪ್ಪೆಗೂ ದೀಪ ಇಡುತ್ತಾರೆ. ಅವರ ತಿಪ್ಪೆಯಿದ್ದ ಜಾಗದಲ್ಲೀಗ ಕಾರುಗಳು ನಿಲ್ಲುತ್ತವೆ, ಹಾಗಾಗಿ ದೀಪ ಇಲ್ಲಿಗೆ ಬಂದಿತ್ತು.

ಹೌಸ್‌ಕೀಪಿಂಗ್‌ನವರು ಚಪ್ಪಲಿ ಬಿಟ್ಟು ಕೈ ಮುಗಿದರು. ರಾಯಚೂರು ಕಡೆಯ ಅಮರೇಶರೂ ಮೆತ್ತಗಾದರು.

"ಅಮ್ಮಾರ, ಇದು ದೇವ್ರು ಅಂತ ಮೊದ್ಲ ಹೇಳಬಾರ್ದೇನ್ರಿ? ಇರ್ಲಿ ಬಿಡ್ರಿ, ಸುತ್ತ ಒಂದು ಕಟ್ಟಿ ಕಟ್ಟಸ್ತೀವಿ. ಒಳಗಿಂದಷ್ಟು ಚೆಲ್ಲಿ, ಖಾಲಿ ಡ್ರಮ್ಮಿಗೆ ಪೂಜಾ ಮಾಡ್ಕೋತ ಇರ್ರಿ."

ಸದ್ಯ, ಡ್ರಮ್ಮು ಉಳಿಯಿತು ಎಂದುಕೊಂಡೆ. ಹೂಂ ಅನ್ನಿ ಎಂದು ಕಣ್ಸನ್ನೆ ಮಾಡಿದೆ. ಅಂಜಿನಮ್ಮ ನನ್ನ ಕಡೆ ತಿರುಗಲೇ ಇಲ್ಲ.

"ಯಾವ ದೇವ್ರು ಸಾರ್? ಇದು ಗೊಬ್ಬರ. ಗೊಬ್ಬರ ಅಂತ್ಲೇ ದೀಪ ಇಕ್ಕಿರೋದು. ಖಾಲಿ ಡ್ರಮ್ಮಿಗೆ ನಾನ್ಯಾಕೆ ಕೈ ಮುಗೀಲಿ?"

ಹಣತೆಯನ್ನು ಪಕ್ಕಕ್ಕೆ ಸರಿಸಿದರು. ಗೋಣಿಚೀಲ ಎಳೆದು, ಕೋಲು ಇಳಿಸಿ ಒಂದು ಸುತ್ತು ಕಲಕಿದರು. ವಾಸನೆ ಗಪ್ಪೆಂದು ಎದ್ದಿತು. ಅಮರೇಶರು ಕರವಸ್ತ್ರಕ್ಕೆ ಕೈ ಹಾಕಿದರು.

"ಎತ್ತೋದಾದ್ರೆ ತುಂಬಿರೋದನ್ನೇ ಎತ್ತಿ. ಇಲ್ಲಾಂದ್ರೆ ಜರುಗಿ ಸಾರ್, ನಂಗೆ ಕೆಲ್ಸ ಐತೆ."

ಹೌಸ್‌ಕೀಪಿಂಗ್‌ನವರು ಅಮರೇಶರ ಮುಖ ನೋಡಿದರು. ಅಮರೇಶರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಪಕ್ಕಕ್ಕೆ ಜರುಗಿದರು.

ಅಂಜಿನಮ್ಮ ಅವಸರವಿಲ್ಲದೆ ಕಲಕಿ ಮುಗಿಸಿದರು. ಚೀಲ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ಹಣತೆಯನ್ನು ಮತ್ತೆ ಡ್ರಮ್ಮಿನ ಮುಂದಿಟ್ಟರು.