ನಮ್ಮವರಿಗೆ ನಾನೇ ಔಟ್ ಕೊಟ್ಟ ದಿನ

ಮೂರು ವರ್ಷದ ಹಿಂದೆ ನಮ್ಮವರಿಗೆ ವಿಜಯಪುರದಿಂದ ಮುಂಬೈಗೆ ವರ್ಗವಾಯಿತು. ವಿಲೆ ಪಾರ್ಲೆಯ ಹಳೇ ಅಪಾರ್ಟ್‌ಮೆಂಟ್ ಸೊಸೈಟಿಯೊಂದರ ಎ ವಿಂಗ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತು. ನನ್ನ ಮರಾಠಿ ಅಷ್ಟಕ್ಕಷ್ಟೆ, ಹಿಂದಿ ಅದಕ್ಕಿಂತ ಕಡಿಮೆ. ಎದುರಾದವರಿಗೆಲ್ಲ ನಕ್ಕು ತಲೆಯಾಡಿಸಿ ದಿನ ದೂಡುತ್ತಿದ್ದೆ. ಮನಬಿಚ್ಚಿ ಮಾತಾಡುತ್ತಿದ್ದದ್ದು ಬಿ ವಿಂಗ್‌ನ ಶಶಿಕಲಾ ಅವರ ಜೊತೆ ಮಾತ್ರ. ಅವರು ಉಡುಪಿಯವರು, ಗಂಡನದು ದಾದರ್‌ನಲ್ಲಿ ಹೋಟೆಲು.

ನಾವು ಬಂದ ಮೇಲಿನ ಮೊದಲ ಗಣರಾಜ್ಯೋತ್ಸವದ ಬೆಳಿಗ್ಗೆ ನಡೆದದ್ದು ಇದು. ನಮ್ಮ ಸೊಸೈಟಿಯಲ್ಲಿ ಅಂದು ಧ್ವಜಾರೋಹಣ ಮುಗಿದ ಕೂಡಲೇ ಎ ವಿಂಗ್‌ಗೂ ಬಿ ವಿಂಗ್‌ಗೂ ಕ್ರಿಕೆಟ್ ಪಂದ್ಯ. ಕಾಂಪೌಂಡಿನೊಳಗೇ, ನಿಂತ ಕಾರುಗಳ ನಡುವೆಯೇ ಆಟ. ಆಡುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ನಮ್ಮವರೂ ಹೊಸ ಬೂಟು ಹಾಕಿಕೊಂಡು ಎ ವಿಂಗ್ ಪರವಾಗಿ ಇಳಿದಿದ್ದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಒಂದು ಕಡೆ ನಿಂತಿದ್ದೆ. ಸೊಸೈಟಿಯ ಸೆಕ್ರೆಟರಿ ಜೋಶಿ ಕಾಕಾ ನೆಟ್ಟಗೆ ನನ್ನ ಹತ್ತಿರ ಬಂದು, ನೀವು ಅಂಪೈರ್ ಆಗಬೇಕು ಅಂದರು.

ನನಗೆ ಆಟದ ಗಂಧಗಾಳಿ ಇಲ್ಲ ಎಂದು ಹೇಗೋ ತಿಳಿಸಿದೆ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಶಶಿಕಲಾ ನಗುತ್ತ ಕನ್ನಡಕ್ಕೆ ತಂದರು. ಪ್ರತಿ ವರ್ಷ ಅಂಪೈರ್ ವಿಷಯಕ್ಕೇ ಜಗಳವಂತೆ, ಹೋದ ಸಲದ್ದು ದೀಪಾವಳಿವರೆಗೂ ನಡೆದಿತ್ತಂತೆ. ಈ ಬಿಲ್ಡಿಂಗಿನಲ್ಲಿ ಇನ್ನೂ ಯಾರ ಜೊತೆಗೂ ಜಗಳ ಆಗದಿರುವವಳು ನಾನೊಬ್ಬಳೇ ಅಂತೆ. ಬೇರೆ ಯೋಗ್ಯತೆ ಏನೂ ಬೇಡವಂತೆ.

ಶಶಿಕಲಾ ಪಕ್ಕದಲ್ಲಿ ನಿಂತು ನಿಯಮ ಹೇಳಿಕೊಟ್ಟರು. ಚೆಂಡನ್ನು ಗೋಡೆಯಾಚೆ ಹೊಡೆದವರು ಔಟ್. ಎಲ್ಲರಿಗಿಂತ ಜೋರಾಗಿ ಹೊಡೆದವರನ್ನೇ ಹೊರಗೆ ಕಳಿಸುವುದು ಯಾವ ನ್ಯಾಯ ಎಂದು ಕೇಳಿದರೆ, ಅವರು ಮುಂದಿನ ನಿಯಮಕ್ಕೆ ಹೋದರು. ಚೆಂಡು ಕಾರಿನ ಕೆಳಗೆ ಸೇರಿದರೆ ಎರಡು ರನ್, ನಿಂತಲ್ಲಿಂದ ಕದಲಬೇಕಾಗಿಲ್ಲ. ನೆಲಕ್ಕೆ ಒಮ್ಮೆ ಬಿದ್ದು ಎದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟ್, ಎರಡೂ ಕೈ ತಾಗಿದರೆ ಅಲ್ಲ. ಇಷ್ಟು ತಲೆಗೆ ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಆರು ಚೆಂಡು ಆದ ಮೇಲೆ ಎಲ್ಲರೂ "ಓವರ್" ಅಂದರು. ಪಂದ್ಯವೇ ಮುಗಿಯಿತೆಂದು ನಾನು ಮನೆ ಕಡೆ ಹೊರಟೆ. ಶಶಿಕಲಾ ಸೆರಗು ಹಿಡಿದೆಳೆದು ವಾಪಸು ನಿಲ್ಲಿಸಿದರು.

"ಹೆದರ್ಬೇಡಿ ಮಾರಾಯ್ರೆ. ಓಡಿ ಬರುವಾಗ ಗೆರೆ ದಾಟಿ ಬ್ಯಾಟ್ ನೆಲಕ್ಕೆ ತಾಗ್ಬೇಕು, ಗಾಳಿಯಲ್ಲಿದ್ರೆ ಔಟ್. ಅದೊಂದು ಸರಿ ನೋಡಿ, ಸಾಕು," ಅಂದರು.

ಆಮೇಲೆ ನೋಡಿದ್ದು ನನಗೆ ನಂಬಲಿಕ್ಕೇ ಆಗಲಿಲ್ಲ. ನಾನು ಬೆರಳೆತ್ತಿದರೆ ಸಾಕು, ದೊಡ್ಡ ದೊಡ್ಡ ಆಫೀಸುಗಳನ್ನು ಆಳಿ ನಿವೃತ್ತರಾದವರು ಗೊಣಗುತ್ತಲೇ ಬ್ಯಾಟು ಕೊಟ್ಟು ಹೊರಡುತ್ತಿದ್ದರು. ಮನೆಯಲ್ಲಿ ನನ್ನ ಯಾವ ಮಾತೂ ಮೊದಲ ಸಲಕ್ಕೇ ನಿಂತದ್ದಿಲ್ಲ. ಪರದೆಯ ಬಣ್ಣದಿಂದ ಹಿಡಿದು ಮಗಳ ಕಾಲೇಜಿನವರೆಗೆ ನಮ್ಮವರು ಇನ್ನೊಮ್ಮೆ ವಿಚಾರಣೆ ಮಾಡಿಯೇ ತೀರುವವರು. ಇಲ್ಲಿ ನಾನು ಬಾಯಿ ಕೂಡ ತೆರೆಯಬೇಕಾಗಿರಲಿಲ್ಲ.

ಕೊನೆಗೆ ಎ ವಿಂಗ್‌ನ ಸರದಿಯಲ್ಲಿ ಪಂದ್ಯ ಬಿಗಿಯಾಯಿತು. ಗೆಲ್ಲಲು ನಾಲ್ಕಾರು ರನ್ ಬೇಕು, ಆದರೆ ಉಳಿದ ಕೊನೆಯ ಜೋಡಿಯಲ್ಲಿ ಒಬ್ಬರು ನಮ್ಮವರೇ. ಅವರು ಔಟಾದರೆ ಬಿ ವಿಂಗ್ ಗೆದ್ದಂತೆ. ಚೆಂಡು ಹೊಡೆದು ಏದುಸಿರು ಬಿಡುತ್ತ ನನ್ನ ಕಡೆಗೆ ಓಡಿ ಬಂದರು. ಅಷ್ಟರಲ್ಲಿ ಯಾರೋ ಎಸೆದ ಚೆಂಡು ಸ್ಟಂಪಿಗೆ ಬಡಿಯಿತು. ನಾನು ಗೆರೆಯನ್ನೇ ನೋಡುತ್ತಿದ್ದೆ. ಬ್ಯಾಟು ಗಾಳಿಯಲ್ಲಿತ್ತು. ಬೆರಳೆತ್ತಿದೆ.

"ಏ, ನಾ ಒಳಗ ಇದ್ನಿ. ಗೊತ್ತಾಗಲಿಲ್ಲಂದ್ರ ಸುಮ್ನಿರಬೇಕ," ಎಂದು ಎಲ್ಲರೆದುರು ರೇಗಿದರು. ನಾನು ಎತ್ತಿದ ಬೆರಳು ಇಳಿಸಲಿಲ್ಲ. ಬಿ ವಿಂಗ್‌ನವರು ಕುಣಿಯತೊಡಗಿದರು.

ಆಗ ಮೊದಲ ಮಹಡಿಯ ಬಾಲ್ಕನಿಯಿಂದ ಆಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ ಹೆಂಗಸೊಬ್ಬರು ಕೆಳಗೆ ಬಂದರು. ಎ ವಿಂಗ್‌ನವರೆಲ್ಲ ಆ ಮೊಬೈಲಿಗೆ ಮುಗಿಬಿದ್ದರು. ನನಗೂ ತೋರಿಸಿದರು. ಬ್ಯಾಟು ಗಾಳಿಯಲ್ಲಿದ್ದದ್ದು ನಿಜ. ಆದರೆ ನಮ್ಮವರ ಬೂಟಿನ ತುದಿ ಆಗಲೇ ಗೆರೆ ದಾಟಿ ನೆಲದ ಮೇಲಿತ್ತು. ಕಾಲು ಊರಿದ್ದರೂ ಔಟಲ್ಲವಂತೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ಸುತ್ತ ಗದ್ದಲ ಎದ್ದಿತು. ಬಿ ವಿಂಗ್‌ನ ಗೆಳತಿಯ ಮಾತು ಕೇಳಿ ಔಟ್ ಕೊಟ್ಟಿದ್ದಾಳೆ ಎಂದು ಯಾರೋ ಅಂದದ್ದು ನನಗೂ ತಿಳಿಯಿತು. ಶಶಿಕಲಾ ಅವರ ಮುಖ ಸಣ್ಣದಾಯಿತು. ಬಂದು ಮೂರು ತಿಂಗಳಾಗಿಲ್ಲ, ಇಡೀ ಬಿಲ್ಡಿಂಗಿನ ನಿಷ್ಠುರ ಕಟ್ಟಿಕೊಂಡೆನಲ್ಲ ಎಂದು ಕಣ್ಣು ತುಂಬಿ ಬಂತು. ಬದಲಾಯಿಸುವುದಿದ್ದರೆ ನೀವೇ ಹೇಳಬೇಕು ಎಂದು ಜೋಶಿ ಕಾಕಾ ನನ್ನ ಮುಖ ನೋಡಿದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ನಮ್ಮವರು ಮೊಬೈಲು ತೆಗೆದುಕೊಂಡು ಎರಡು ಸಲ ನೋಡಿದರು. ಅದನ್ನು ಆ ಹೆಂಗಸಿನ ಕೈಗಿಟ್ಟರು. ತಮ್ಮ ಹರಕು ಹಿಂದಿಯಲ್ಲಿ, ಅಂಪೈರ್ ಔಟ್ ಕೊಟ್ಟ ಮೇಲೆ ಔಟ್, ಮೊಬೈಲಿಗೇನು ಕೆಲಸ ಎಂದು ತಮ್ಮ ತಂಡದವರಿಗೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಬೆರಳ ಎತ್ತೀದಿ, ಮುಗೀತು. ಇನ್ನ ಅದನ್ನ ಕೆಳಗ ಇಳಸಬ್ಯಾಡ."

ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಬಿ ವಿಂಗ್‌ನವರ ಕೈ ಕುಲುಕಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಎ ವಿಂಗ್‌ನ ಉಳಿದವರೂ ಹೋದರು. ಶಶಿಕಲಾ ನನ್ನ ಭುಜದ ಮೇಲೆ ಕೈಯಿಟ್ಟರು.

ಸಿಟ್ಟು ಅವರಿಗೆ ಪೂರ್ತಿ ಇಳಿದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ, ಕಾಲು ಒಳಗಿತ್ತು ಎಂದು ಒಂದು ಸಲ ಅಂದರು. ಹೌದು, ಇತ್ತು ಎಂದೆ. ಇಬ್ಬರಿಗೂ ನಗು ಬಂತು.

ಆ ಆಟದ ಎಷ್ಟೋ ನಿಯಮಗಳು ಇಂದಿಗೂ ನನಗೆ ಅರ್ಥವಾಗಿಲ್ಲ. ತಪ್ಪೆಂದು ಕಣ್ಣಾರೆ ಕಂಡ ಮೇಲೂ ಒಬ್ಬರ ಮಾತನ್ನು ಅಷ್ಟು ಜನ ಸೇರಿ ಕಾಯುವುದಂತೂ ಎಲ್ಲಕ್ಕಿಂತ ವಿಚಿತ್ರ. ಆದರೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಮ್ಮವರು ನನಗೆ ಕೊಟ್ಟ ಮರ್ಯಾದೆಗಳಲ್ಲಿ ಅದೇ ದೊಡ್ಡದು. ಅದೂ ತಮ್ಮ ತಂಡದ ಸೋಲನ್ನು ಒಪ್ಪಿಕೊಂಡು ಕೊಟ್ಟದ್ದು.