ಡೋಜರಿನ ಫಿಲ್ಟರ್ ಕೊಯ್ದ ದಿನ

ಮುನವಳ್ಳಿ ಸುತ್ತಲಿನ ಹೊಲಗಳಲ್ಲಿ ನಾನು ಡೋಜರ್ ಓಡಿಸುವುದನ್ನು ಈಗ ಯಾರೂ ನಿಂತು ನೋಡುವುದಿಲ್ಲ. ಮೊದಮೊದಲು ನೋಡುತ್ತಿದ್ದರು. ಮೊದಲು ಅದನ್ನು ಓಡಿಸುತ್ತಿದ್ದ ನನ್ನ ಗಂಡನ ಬೆನ್ನು ಕೆಟ್ಟು, ಇನ್ನು ಆ ಸೀಟಿನ ಕುಲುಕಾಟ ಆಗಬಾರದೆಂದು ಡಾಕ್ಟರು ಹೇಳಿದಾಗ ಮನೆಯವರೆಲ್ಲ ಗಾಡಿ ಮಾರೋಣವೆಂದರು. ನಾನು ಒಪ್ಪಲಿಲ್ಲ. ಆಯಿಲ್ ಬದಲಿಸುವುದು, ಗ್ರೀಸ್ ತುಂಬುವುದು ಅಷ್ಟರಲ್ಲಾಗಲೇ ನನ್ನ ಕೆಲಸವಾಗಿತ್ತು. ಸೀಟಿನ ಮೇಲೆ ಕೂರುವುದೊಂದು ಬಾಕಿ ಇತ್ತು. ಗಾಲಿಯ ಬದಲು ಚೈನಿನ ಮೇಲೆ ನಡೆಯುವ ಹಳೆಯ ಗಾಡಿ ಅದು. ಸ್ಟೇರಿಂಗ್ ಇಲ್ಲ, ಎರಡು ಲಿವರ್ ಎಳೆದು ತಿರುಗಿಸಬೇಕು. ಒಂದು ಬೇಸಿಗೆ ಕಳೆಯುವುದರೊಳಗೆ ಕೈ ಕುದುರಿತು.

ಹೋದ ಬೇಸಿಗೆಯಲ್ಲಿ ಯರಗಟ್ಟಿ ಹತ್ತಿರ ವಯಸ್ಸಾದ ರೈತರೊಬ್ಬರ ಎರೆ ಹೊಲವನ್ನು ಸಮ ಮಾಡುತ್ತಿದ್ದೆ. ಮೂರನೆಯ ದಿನ ಸಂಜೆ ಹೊಲದಲ್ಲೇ ಇಂಜಿನ್ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದೆ. ಮರುದಿನ ಕೆಲಸ ಶುರುವಾಗಿ ಒಂದು ತಾಸು ಆಗಿರಲಿಲ್ಲ, ಇಂಜಿನ್ ಬಿಸಿಯಾಗುತ್ತಲೇ ಆಯಿಲ್ ಪ್ರೆಶರ್ ತೋರಿಸುವ ಮೀಟರಿನ ಮುಳ್ಳು ಕೆಳಗಿಳಿಯಿತು. ಕೂಡಲೇ ಬಂದ್ ಮಾಡಿದೆ. ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಮಟ್ಟ ಸರಿಯಿತ್ತು. ಎಲ್ಲೂ ಸೋರಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ.

ಅವರು ಬೈಲಹೊಂಗಲದ ಇಂಜಿನ್ ಮಿಸ್ತ್ರಿಗೆ ಹೇಳಿ, ತಾವೂ ಬಸ್ ಹಿಡಿದು ಬಂದರು. ಮಿಸ್ತ್ರಿ ನುರಿತ ಕೈ. ಮೀಟರೇ ಸುಳ್ಳು ಹೇಳುತ್ತಿರಬಹುದೆಂದು ತಮ್ಮ ಮೀಟರ್ ಜೋಡಿಸಿ ನೋಡಿದರು. ಅದರಲ್ಲೂ ಮುಳ್ಳು ಏಳಲಿಲ್ಲ. ಇಂಜಿನ್ ಆರಿಸಿ, ಬೇವಿನ ಗಿಡದ ಕೆಳಗೆ ಕುಳಿತಿದ್ದ ನನ್ನ ಗಂಡನ ಹತ್ತಿರ ಹೋದರು.

"ಅಣ್ಣಾರ, ಬೇರಿಂಗ್ ಸವದಾವ, ಪ್ರೆಶರ್ ನಿಲ್ಲಂಗಿಲ್ಲ. ಇಂಜಿನ್ ಪೂರಾ ಬಿಚ್ಚಬೇಕಾಕ್ಕೈತಿ. ಇಷ್ಟ ಹಳೇ ಗಾಡಿಗೆ ಅದೆಲ್ಲಾ ಯಾಕ, ಗುಜರಿಗೆ ಕೊಟ್ಟಬಿಡ್ರಿ."

ಗಂಡ ನೆಲ ನೋಡುತ್ತ ಕುಳಿತರು. ಹೊಲದ ಯಜಮಾನರು ಸವದತ್ತಿಯಲ್ಲಿ ಇನ್ನೊಂದು ಗಾಡಿ ಸಿಗುತ್ತದೇನೋ ಎಂದು ವಿಚಾರಿಸತೊಡಗಿದರು. ನಾನು ಅಲ್ಲೇ ನಿಂತಿದ್ದರೂ ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ನಿನ್ನೆಯವರೆಗೆ ಮುಳ್ಳು ನೆಟ್ಟಗಿತ್ತು, ಬೇರಿಂಗ್ ರಾತ್ರೋರಾತ್ರಿ ಸವೆಯುವುದಿಲ್ಲ ಎಂದೆ. ಹಳೆ ಇಂಜಿನ್ ಹೋಗುವುದೇ ಹೀಗೆ ಎಂದು ಮಿಸ್ತ್ರಿ ಅದಕ್ಕೂ ನನ್ನ ಗಂಡನಿಗೇ ಉತ್ತರ ಕೊಟ್ಟರು. ನನ್ನ ಮೈ ಉರಿಯಿತು.

"ಮಿಸ್ತ್ರಿ, ಗಾಡಿ ಓಡಸಾಕಿ ನಾನು. ಏನ್ ಹೇಳೂದಿದ್ರೂ ನನ್ನ ಮಾರಿ ನೋಡಿ ಹೇಳ್ರಿ. ಬೇರಿಂಗ್ ಸವದಿದ್ರ ಅದರ ಪುಡಿ ಫಿಲ್ಟರ್‌ನ್ಯಾಗ ಇರಬೇಕಲ್ಲ? ನಿನ್ನೆ ತಗದ ಫಿಲ್ಟರ್ ಇಲ್ಲೇ ಐತಿ."

ನಾನು ಬಕೆಟ್ಟಿನಲ್ಲಿದ್ದ ಹಳೆಯ ಫಿಲ್ಟರನ್ನು ಎತ್ತಿ, ಕುಡಗೋಲಿನಿಂದ ಅದರ ಕಾಗದವನ್ನು ಕೊಯ್ದೆ. ಮಡಿಕೆ ಬಿಡಿಸಿ, ಎಣ್ಣೆ ಹಿಂಡಿ, ಹಳೆ ಧೋತರದ ತುಂಡಿನ ಮೇಲೆ ಬಿಸಿಲಿಗೆ ಹಾಸಿದೆ. ಮಿಸ್ತ್ರಿಯ ಮಾತೇ ನಿಜವಾದರೆ ಎಂಬ ಭಯ ನನಗೂ ಇತ್ತು. ಆದರೆ ಮಡಿಕೆಯಲ್ಲಿ ಕಪ್ಪು ಜಿಡ್ಡು ಬಿಟ್ಟರೆ ಮಿಂಚುವಂಥದು ಒಂದು ಕಣವೂ ಇರಲಿಲ್ಲ. ಮಿಸ್ತ್ರಿ ಬಂದು ಕುಕ್ಕರಗಾಲಲ್ಲಿ ಕುಳಿತು, ಜಿಡ್ಡನ್ನು ಬೆರಳ ನಡುವೆ ತಿಕ್ಕಿ ನೋಡಿದರು. ಪುಡಿ ಇಲ್ಲವೆಂದು ತಲೆಯಾಡಿಸಿದರು.

ಹಾಗಾದರೆ ಪ್ರೆಶರ್ ಎಲ್ಲಿ ಹೋಗುತ್ತಿದೆ? ಫಿಲ್ಟರ್ ಕೂರುವ ಬುಡದಲ್ಲೊಂದು ವಾಲ್ವ್ ಇದೆ. ಪ್ರೆಶರ್ ಹೆಚ್ಚಾದಾಗ ಅದು ತೆರೆದು ಎಣ್ಣೆಯನ್ನು ಕೆಳಗಿನ ಚೇಂಬರಿಗೆ ವಾಪಸ್ ಬಿಡುತ್ತದೆ. ಅದು ಮುಚ್ಚಿಕೊಳ್ಳದಿದ್ದರೆ ಎಣ್ಣೆ ಸುಮ್ಮನೆ ಹರಿದು ಹೋಗುತ್ತದೆ. ಅದನ್ನು ಬಿಚ್ಚುತ್ತೇನೆಂದೆ. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಕೊಟ್ಟರು. ನಟ್ಟು, ಸ್ಪ್ರಿಂಗು, ಅದರ ಹಿಂದೆ ವಾಲ್ವ್ ಬಂತು. ವಾಲ್ವ್ ಕೂರುವ ಅಂಚಿನ ಮೇಲೆ ಉಗುರಿನಷ್ಟು ಕರಿಯ ಚೂರೊಂದು ಅಂಟಿಕೊಂಡಿತ್ತು.

ಅದು ಏನೆಂದು ನೋಡುತ್ತಲೇ ಗೊತ್ತಾಯಿತು. ಹಿಂದಿನ ಸಂಜೆ ಹೊಸ ಫಿಲ್ಟರ್ ಹಾಕುವ ಮುಂಚೆ ಎಣ್ಣೆ ಸೋರದಂತೆ ಅಂಚಿಗೆ ಕೂರಿಸಿದ್ದ ಹಳೆ ಪ್ಯಾಕಿಂಗನ್ನು ಕೆರೆದು ತೆಗೆದವಳು ನಾನೇ. ಅದರ ಚೂರು ಎಣ್ಣೆ ಹರಿಯುವ ತೂತಿನೊಳಗೆ ಬಿದ್ದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ತಪ್ಪಿಗೆ ಗಾಡಿಯನ್ನು ಹಳೆಯದೆಂದು ಬೈಸಲು ಮನಸ್ಸಾಗಲಿಲ್ಲ.

"ಇದು ನಾನ ಕೆಡವಿದ್ದು," ಎಂದೆ. "ತಪ್ಪು ನಂದು, ಇಂಜಿನ್‌ದಲ್ಲ."

"ಕೆರಿಯೂ ಮುಂದ ತೂತಿಗೆ ಅರಿಬಿ ತುರಕಬೇಕ್ರಿ ವೈನಿ," ಎಂದರು ಮಿಸ್ತ್ರಿ. ಈ ಸಲ ನನಗೇ ಹೇಳಿದರು. ಹೌದೆಂದು ಒಪ್ಪಿಕೊಂಡೆ.

ಡೀಸೆಲ್ಲಿನಲ್ಲಿ ತೊಳೆದು ಎಲ್ಲ ಜೋಡಿಸಿದೆವು. ಇಂಜಿನ್ ಪೂರ್ತಿ ಬಿಸಿಯಾಗುವ ತನಕ ಮೂವರೂ ಮೀಟರ್ ನೋಡುತ್ತ ನಿಂತೆವು. ಮುಳ್ಳು ಇಳಿಯಲಿಲ್ಲ. ಗಂಡ ಚೈನಿನ ಮೇಲೆ ಕೈಯೂರಿ, ಮಧ್ಯಾಹ್ನದ ಬಸ್ಸಿಗೆ ಹೋಗುತ್ತೇನೆಂದರು. ರೊಟ್ಟಿ ತಿಂದು ಹೋಗಿ ಎಂದೆ.

ಮುಂದಿನ ಎರಡು ದಿನದಲ್ಲಿ ಹೊಲ ಮುಗಿಯಿತು. ಪೂರ್ವದ ಮೂಲೆ ಇನ್ನೂ ಗೇಣು ಎತ್ತರವಿದೆ, ಕೆತ್ತಿ ಕೊಡು ಎಂದು ಯಜಮಾನರು ಪಟ್ಟು ಹಿಡಿದರು. ಅಲ್ಲಿ ಮಣ್ಣಿನಡಿ ಬಂಡೆ ಇದೆ, ಬ್ಲೇಡ್ ಹಾಕುವುದಿಲ್ಲ ಎಂದೆ. ಗೊಣಗಿದರು. ನಾನು ಗಾಡಿಯನ್ನು ಹೊಲದಿಂದಾಚೆ ತಿರುಗಿಸಿದೆ.