ಒಳಕೋಣೆಗೆ ಹಾಕಿದ ಬೋರ್ಡು

ನನ್ನ ಸೋದರಮಾವ ಅಂಗಡಿಗಳಿಗೆ ಬೋರ್ಡು ಮಾಡುವವರು. ಮೊದಲು ಕುಂಚ ಹಿಡಿದು ಬರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಜೋಡಿಸಿದ ಅಕ್ಷರಗಳನ್ನು ಯಂತ್ರಕ್ಕೆ ಕಳಿಸಿ, ಬಣ್ಣದ ಸ್ಟಿಕರ್ ಹಾಳೆಯಲ್ಲಿ ಕತ್ತರಿಸುತ್ತಾರೆ. ದೇವರು ಅವರಿಗೆ ಕೊಟ್ಟ ಕಣ್ಣು ಎಂಥದ್ದೆಂದರೆ, ಎಲ್ಲಾದರೂ ಸೊಟ್ಟ ಅಕ್ಷರ ಕಂಡರೆ ಅಂದು ಊಟ ಸೇರುವುದಿಲ್ಲ. ಮನೆಯ ಉಪ್ಪಿನ ಡಬ್ಬಿಗೂ, ಚಪ್ಪಲಿ ಗೂಡಿಗೂ ಅಂದವಾದ ಬೋರ್ಡಿದೆ. ಒಮ್ಮೆ ಹಾಕಿದ ಬೋರ್ಡನ್ನು ಮಾತ್ರ ಅವರು ತಮ್ಮ ಕೈಯಾರೆ ಕೀಳುವುದಿಲ್ಲ. ಗಿರಾಕಿ ಅಂಗಡಿ ಬದಲಿಸುತ್ತೇನೆ, ಇಳಿಸಿಕೊಡಿ ಎಂದರೆ, ಬೋರ್ಡು ಹಾಕಿದ ಕಡೆ ಅಂಗಡಿ ನಿಲ್ಲಬೇಕು ಎಂದು ಹಟ ಹಿಡಿಯುತ್ತಾರೆ.

ಅಕ್ಷರ ಜೋಡಿಸುವ ಕೆಲಸ ಅತ್ತೆಯದು. ಮುಂಚೆ ಇಬ್ಬರಿಗೂ ಮುಂದಿನ ಕೋಣೆಯಲ್ಲಿ ಒಂದೇ ಕಂಪ್ಯೂಟರು. ಮಾವ ಅತ್ತೆಯ ಕುರ್ಚಿಯ ಬೆನ್ನು ಹಿಡಿದು ನಿಂತು, ಸ್ವಲ್ಪ ಎಡಕ್ಕೆ, ಇನ್ನೂ ಎಡಕ್ಕೆ, ಬೇಡ ಮೊದಲಿನದೇ ಸರಿ ಎನ್ನುತ್ತಿದ್ದರು. ಕೊನೆಗೆ ಅತ್ತೆ ಹಳೆಯದೊಂದು ಕಂಪ್ಯೂಟರು ಕೊಂಡು ಒಳಕೋಣೆ ಸೇರಿದರು. ಅವರು ಅಲ್ಲಿ ಉಳಿಸಿದ ಫೈಲನ್ನು ಮಾವ ಇಲ್ಲಿ ತೆರೆಯುವಂತೆ ಎರಡನ್ನೂ ನಾನೇ ಜೋಡಿಸಿಕೊಟ್ಟೆ. ಕೂಗಿದರೆ ಕೇಳುವ ದೂರಕ್ಕೆ ಇಷ್ಟೆಲ್ಲ ಯಾಕೆ ಎಂದು ಮಾವ ಗೊಣಗಿದರು. ಅತ್ತೆ ಮಾತ್ರ ಒಳಗೆ ಕೂತು ಹಾಡು ಗುನುಗುತ್ತಾ ಕೆಲಸ ಮಾಡತೊಡಗಿದರು.

ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಅಲ್ಲಿಂದಾಚೆ ಮಾವನ ಕಂಪ್ಯೂಟರಿನಲ್ಲಿ ಅತ್ತೆಯ ಫೋಲ್ಡರು ತೆರೆಯಲೊಲ್ಲದು. ಅತ್ತೆ ಪೆನ್ ಡ್ರೈವಿನಲ್ಲಿ ಫೈಲು ತಂದುಕೊಟ್ಟರು. ಮಾವ ಅಕ್ಷರ ಒಂದು ಚುಕ್ಕಿಯಷ್ಟು ಮೇಲಾಯಿತೆಂದು ವಾಪಸು ಕಳಿಸಿದರು. ತಿದ್ದಿ ತಂದರೆ ಇನ್ನೊಂದು ಚುಕ್ಕಿ.

ನಾನು ಹೋದಾಗ ಮಾವ ಅಳತೆ ಟೇಪು ಹಿಡಿದು ತಮ್ಮ ಮೇಜಿನ ಪಕ್ಕದ ಜಾಗ ಅಳೆಯುತ್ತಿದ್ದರು.

"ಇವತ್ತು ಸಂಜೆಯೊಳಗೆ ಸರಿಯಾಗದಿದ್ರೆ ಅವಳ ಮೇಜು ಇಲ್ಲಿಗೆ ಬರುತ್ತೆ ಕಣಮ್ಮ," ಎಂದರು. ದನಿಯಲ್ಲಿ ದುಃಖವೇನೂ ಇರಲಿಲ್ಲ.

ಅತ್ತೆ ನನ್ನ ಕೈ ಹಿಡಿದು, "ಹೇಗಾದ್ರೂ ಮಾಡೆ. ಮತ್ತೆ ಅಲ್ಲಿ ಕೂತ್ರೆ ನನಗೆ ಹುಚ್ಚು ಹಿಡಿಯುತ್ತೆ," ಎಂದು ಮೆಲ್ಲಗೆ ಹೇಳಿದರು.

ದೇವರ ಮೇಲೆ ಭಾರ ಹಾಕಿ ಶುರುಮಾಡಿದೆ. ರೂಟರಿನ ದೀಪಗಳು ಉರಿಯುತ್ತಿದ್ದವು. ಎರಡೂ ಕಂಪ್ಯೂಟರು ಒಂದೇ ವೈಫೈಯಲ್ಲಿದ್ದವು. ಅತ್ತೆಯ ಫೋಲ್ಡರಿಗೆ ಕೊಟ್ಟ ಅನುಮತಿ ಹಾಗೇ ಇತ್ತು. ಎಲ್ಲ ಸರಿ, ಆದರೂ ಮಾವನ ಕಂಪ್ಯೂಟರು ಅತ್ತೆಯ ಕಂಪ್ಯೂಟರನ್ನು ಹುಡುಕಿ ಹುಡುಕಿ ಸಿಗಲಿಲ್ಲ ಎನ್ನುತ್ತಿತ್ತು. ಕೊನೆಗೆ, ಮನೆಯ ನೆಟ್‌ವರ್ಕಿನಲ್ಲಿ ಯಾರ್ಯಾರಿದ್ದಾರೆಂದು ತೋರಿಸುವ ಪಟ್ಟಿ ತೆರೆದೆ. ಅತ್ತೆಯ ಕಂಪ್ಯೂಟರಿಗೆ ಅಂಗಡಿಯಿಂದ ಬಂದಾಗಲೇ ಅಂಟಿದ್ದ ಅಕ್ಷರ, ಅಂಕಿ ಕಲಸಿದ ಹೆಸರು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ "ಯಜಮಾನಿ" ಎಂದಿತ್ತು.

"ಇದ್ಯಾರೇ ನಮ್ಮ ಮನೇಲಿ ಯಜಮಾನಿ?" ಅತ್ತೆ ಕನ್ನಡಕ ಏರಿಸಿದರು. "ಪಕ್ಕದ ಮನೆಯವಳು ನಮ್ಮ ವೈಫೈ ಕದೀತಿದ್ದಾಳಾ?"

ಜಗಳಕ್ಕೆ ಹೊರಟೇಬಿಟ್ಟಿದ್ದರು. ಮಾವ ಟೇಪನ್ನು ಎಳೆದು ಬಿಡುತ್ತಾ, ಎಳೆದು ಬಿಡುತ್ತಾ ನಿಂತಿದ್ದರು. ಕಿವಿ ಕೆಂಪಾಗಿತ್ತು.

ನಾನು ಮಾವನ ಕಡೆ ತಿರುಗಿದೆ. ತಡೆದು ತಡೆದು ಬಾಯಿ ಬಿಟ್ಟರು. ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದ ದಿನ ಒಳಕೋಣೆಗೆ ಹೋಗಿದ್ದರಂತೆ. ಆ ಕಲಸುಮೇಲೋಗರದ ಹೆಸರು ಕಣ್ಣಿಗೆ ಚುಚ್ಚಿತಂತೆ. ಬೇರೆ ಹೆಸರು ಬರೆದರು. ಹೊಸ ಹೆಸರು ಬರಬೇಕಾದರೆ ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕೆಂದು ಅದು ಹೇಳಿತು. ಅಷ್ಟರಲ್ಲಿ ಗೇಟಿನ ಸದ್ದಾಯಿತು, ಎದ್ದು ಬಂದರು. ಅತ್ತೆಯೋ ಅದನ್ನು ಎಂದೂ ಪೂರ್ತಿ ಆಫ್ ಮಾಡುವವರಲ್ಲ. ಹೆಸರು ಬದಲಾಗಲಿಲ್ಲವೆಂದುಕೊಂಡು ಮಾವ ಮರೆತೇಬಿಟ್ಟಿದ್ದರು. ಕರೆಂಟು ಹೋಗಿ ಬಂದಾಗ ಆ ಕೆಲಸ ತಾನಾಗಿ ಮುಗಿದಿತ್ತು. ಮಾವನ ಕಂಪ್ಯೂಟರು ಪಾಪ, ಹಳೇ ಹೆಸರನ್ನೇ ಕೂಗುತ್ತಿತ್ತು.

ಯಜಮಾನಿಯ ಮೇಲೆ ಕ್ಲಿಕ್ ಮಾಡಿದೆ. ಫೋಲ್ಡರು ತೆರೆಯಿತು. ಮಾವನ ಪರದೆಯ ಮೇಲೆ ಹೊಸ ದಾರಿ ಉಳಿಸಿಕೊಟ್ಟೆ.

ಅತ್ತೆ ಆ ಹೆಸರನ್ನು ಸ್ವಲ್ಪ ಹೊತ್ತು ನೋಡಿದರು. ಸೆರಗಿನಿಂದ ಪರದೆಯ ಧೂಳು ಒರೆಸಿದರು.

"ರೀ, ಬೋರ್ಡು ನೀವೇ ಹಾಕಿದ್ದೀರಿ," ಎಂದರು. "ಇನ್ನು ಅಂಗಡಿ ಎತ್ತೋಕಾಗುತ್ತಾ?"

ಮಾವ ಟೇಪು ಸುತ್ತಿ ಜೇಬಿಗಿಳಿಸಿದರು. ಅತ್ತೆ ಒಳಗೆ ಹೋಗುತ್ತಿದ್ದಂತೆ ಪರದೆಯತ್ತ ಬಾಗಿ, "ಅಕ್ಷರಗಳ ಮಧ್ಯೆ ಜಾಗ ಇನ್ನೊಂಚೂರು ಬೇಕಿತ್ತು," ಎಂದರು.

ಒಳಕೋಣೆಯ ಬಾಗಿಲು ಮುಚ್ಚಿಕೊಂಡಿತು. ಹಿಂದೆಯೇ ಹಾಡು ಗುನುಗುವುದು ಕೇಳಿಸಿತು.